ಎಸ್‌ಎಸ್‌ಎಚ್ ಕೀಯನ್ನು ಪೆಮ್ ರೂಪಕ್ಕೆ ತರಲು ಹೋಗಿ ಕೀಯನ್ನೇ ಕಳೆದುಕೊಂಡ ಬಗೆ

ದೂರದ ಸರ್ವರಿಗೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನವೇ ಎಸ್‌ಎಸ್‌ಎಚ್; ಅದರ ಕೀ ಜೋಡಿಯಲ್ಲಿ ಗುಟ್ಟಾಗಿ ನಮ್ಮಲ್ಲಿ ಉಳಿಯುವುದು ಪ್ರೈವೇಟ್ ಕೀ, ಸರ್ವರಿಗೆ ಕೊಡುವುದು ಪಬ್ಲಿಕ್ ಕೀ. ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ ಹೊಸ ರೂಪದ ಪ್ರೈವೇಟ್ ಕೀಯನ್ನು ನಿಮ್ಮ ಹಳೆಯ ಬ್ಯಾಕಪ್ ತಂತ್ರಾಂಶ ಒಪ್ಪುತ್ತಿಲ್ಲ, ಅದನ್ನು ಪೆಮ್ ಎಂಬ ಹಳೆಯ ಕಡತ ರೂಪಕ್ಕೆ ಬದಲಿಸುವುದು ಹೇಗೆ ಎಂದು ಕೇಳಿದ್ದೀರಿ. 2019ರಲ್ಲಿ ಬಳ್ಳಾರಿಯ ಕೌಲ್‌ಬಜಾರಿನ ಒಂದು ಜೀನ್ಸ್ ಘಟಕದ ಆರ್ಡರ್ ಸರ್ವರನ್ನು ನೋಡಿಕೊಳ್ಳುತ್ತಿದ್ದಾಗ ನಾನೂ ಇಲ್ಲಿಯೇ ಸಿಲುಕಿದ್ದೆ. ಓಪನ್‌ಎಸ್‌ಎಸ್‌ಎಚ್ 2018ರ 7.8ನೇ ಆವೃತ್ತಿಯಿಂದ ಕೀಗಳನ್ನು ಹೊಸ ರೂಪದಲ್ಲಿಯೇ ಬರೆಯತೊಡಗಿತ್ತು. ನಮ್ಮ ಬ್ಯಾಕಪ್ ತಂತ್ರಾಂಶಕ್ಕೆ ಹಳೆಯದೇ ಬೇಕಿತ್ತು.

ರೂಪ ಬದಲಿಸಲು, ಕೀಗಳನ್ನು ಸೃಷ್ಟಿಸುವ ಮತ್ತು ಬದಲಿಸುವ ಎಸ್‌ಎಸ್‌ಎಚ್-ಕೀಜೆನ್ ಆದೇಶಕ್ಕೆ -ಪಿ (-p), -ಎಂ ಪೆಮ್ (-m PEM), ಕಡತದ ಹೆಸರಿನೊಂದಿಗೆ -ಎಫ್ (-f) ಎಂಬ ಮೂರು ಆಯ್ಕೆಗಳನ್ನೂ ಕೊಡಬೇಕಿತ್ತು. -ಪಿ ಎಂದರೆ ಪಾಸ್‌ಫ್ರೇಸ್ (ಕೀ ಕಡತಕ್ಕೆ ಹಾಕಿದ ಬೀಗದ ಗುಪ್ತಪದ) ಬದಲಾವಣೆ ಎಂದು ಕೈಪಿಡಿಯಲ್ಲಿ ಓದಿ, ಪಾಸ್‌ಫ್ರೇಸ್ ಬದಲಿಸುವ ಉದ್ದೇಶ ನನಗಿಲ್ಲವಲ್ಲ ಎಂದು ಅದನ್ನು ಕೈಬಿಟ್ಟೆ. ಅದಿಲ್ಲದಿದ್ದರೆ ಆ ಆದೇಶ ಇರುವ ಕೀಯನ್ನು ಬದಲಿಸುವುದಿಲ್ಲ, ಹೊಚ್ಚಹೊಸ ಕೀಯನ್ನು ಸೃಷ್ಟಿಸುತ್ತದೆ. ಕಡತ ಈಗಾಗಲೇ ಇದೆ, ಅದರ ಮೇಲೆಯೇ ಬರೆಯಲೇ ಎಂದು ಅದು ಕೇಳಿತು. ರೂಪ ಬದಲಿಸುವುದೆಂದರೆ ಮೇಲೆ ಬರೆಯುವುದೇ ತಾನೇ ಎಂದುಕೊಂಡು ವೈ ಒತ್ತಿದೆ. ಹಳೆಯ ಪಾಸ್‌ಫ್ರೇಸನ್ನು ಅದು ಕೇಳಲೇ ಇಲ್ಲ ಎಂಬುದನ್ನು ಗಮನಿಸಿದ್ದರೆ ಸಾಕಿತ್ತು, ಏಕೆಂದರೆ ಬೀಗ ತೆರೆಯದೆ ಒಳಗಿರುವುದನ್ನು ಬೇರೆ ರೂಪದಲ್ಲಿ ಬರೆಯಲು ಯಾವ ಉಪಕರಣಕ್ಕೂ ಸಾಧ್ಯವಿಲ್ಲ. ಆದರೆ ಕಡತ ತೆರೆದು ನೋಡಿದಾಗ ಮೊದಲ ಸಾಲಿನಲ್ಲಿ ಬಿಗಿನ್ ಆರ್‌ಎಸ್‌ಎ ಪ್ರೈವೇಟ್ ಕೀ ಎಂದಿತ್ತು (ಆರ್‌ಎಸ್‌ಎ ಎಂಬುದು ಕೀಯ ಒಂದು ಬಗೆ, ಈ ಸಾಲು ಪೆಮ್ ರೂಪದ ಗುರುತು), ನನಗೆ ಬೇಕಾದದ್ದೂ ಅದೇ ಆಗಿತ್ತು. ಸರ್ವರಿಗೆ ಲಾಗಿನ್ ಆಗಿ ಪರೀಕ್ಷಿಸಿದೆ, ಅದೂ ಆಯಿತು. ಒಮ್ಮೆ ತೆರೆದ ಕೀಗಳನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟಿನ ಸ್ಮರಣೆಯಲ್ಲಿ ಉಳಿದಿದ್ದ ಹಳೆಯ ಕೀಯೇ ನನ್ನನ್ನು ಒಳಗೆ ಬಿಟ್ಟಿತ್ತೆಂದು ತಿಳಿದದ್ದು, ರಾತ್ರಿ ಲ್ಯಾಪ್‌ಟಾಪ್ ಆರಿಸಿ ಬೆಳಿಗ್ಗೆ ಮತ್ತೆ ಹಚ್ಚಿದಾಗ.

ಪಾಸ್‌ವರ್ಡ್ ಪ್ರವೇಶವನ್ನು ಭದ್ರತೆಗೆಂದು ನಾನೇ ಮುಚ್ಚಿದ್ದೆ. ಕ್ಲೌಡಿನಲ್ಲಿ ಸರ್ವರಿನ ಡಿಸ್ಕನ್ನು ಬಿಡಿಸಿ, ಇನ್ನೊಂದು ಯಂತ್ರಕ್ಕೆ ಜೋಡಿಸಿ, ಯಾವ ಕೀಗಳಿಗೆ ಪ್ರವೇಶವಿದೆ ಎಂದು ಸರ್ವರಿಗೆ ಹೇಳುವ ಆಥರೈಸ್ಡ್ ಕೀಸ್ ಕಡತಕ್ಕೆ ಹೊಸ ಪಬ್ಲಿಕ್ ಕೀಯ ಸಾಲನ್ನು ಸೇರಿಸುವಷ್ಟರಲ್ಲಿ ಒಂದೂವರೆ ದಿನ ಹೋಯಿತು. ಅಷ್ಟು ಹೊತ್ತೂ ಮಾಲೀಕರು ಆರ್ಡರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಿದರು, ನನ್ನತ್ತ ನೋಡದೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ದಾರಿಯಲ್ಲಿದೆ ಎಂದು ನಾನು ಹೇಳುತ್ತೇನೆ. ನೀವು ದಿನವೂ ಬಳಸುವ ಕೀಯನ್ನು ಬ್ಯಾಕಪ್ ತಂತ್ರಾಂಶಕ್ಕೆ ಏಕೆ ಕೊಡಬೇಕು? ಆಥರೈಸ್ಡ್ ಕೀಸ್ ಕಡತದಲ್ಲಿ ಎಷ್ಟು ಸಾಲುಗಳಿಗಾದರೂ ಜಾಗವಿದೆ; ಆ ತಂತ್ರಾಂಶಕ್ಕೆಂದೇ ಬೇರೆ ಹೆಸರಿನಲ್ಲಿ, ಪೆಮ್ ರೂಪದಲ್ಲಿಯೇ, ಒಂದು ಆರ್‌ಎಸ್‌ಎ ಕೀಯನ್ನು ಸೃಷ್ಟಿಸಿ. ಬದಲಿಸಲೇಬೇಕೆಂದರೆ ಮೊದಲು ಕಡತದ ನಕಲು ಮಾಡಿ, ನಕಲಿನ ಮೇಲೆ ಮಾತ್ರ -ಪಿ ಸಹಿತವಾದ ಆದೇಶವನ್ನು ನಡೆಸಿ. ಹೊಸ ಪಾಸ್‌ಫ್ರೇಸ್ ಕೇಳಿದಾಗ ಬರಿದೇ ಎಂಟರ್ ಒತ್ತಿದರೆ ಕೀ ಬೀಗವಿಲ್ಲದೆ ಉಳಿಯುತ್ತದೆ, ಹಳೆಯದನ್ನೇ ಮತ್ತೆ ಕೊಡಿ. ಬಳಿಕ -ವೈ (-y) ಆಯ್ಕೆಯಿಂದ ಎರಡೂ ಕಡತಗಳ ಪಬ್ಲಿಕ್ ಕೀ ಹೊರತೆಗೆದು ಹೋಲಿಸಿ. ಲಾಗಿನ್ ಆಯಿತೆಂಬುದನ್ನು ನಂಬಬೇಡಿ. ನಿಮ್ಮದು ಇಡಿ25519 ಎಂಬ ಇನ್ನೊಂದು ಬಗೆಯ ಕೀ ಆಗಿದ್ದರೆ ಇಷ್ಟೆಲ್ಲ ಮಾಡಿದರೂ ಕಡತ ಹೊಸ ರೂಪದಲ್ಲಿಯೇ ಇರುತ್ತದೆ, ಎಸ್‌ಎಸ್‌ಎಚ್-ಕೀಜೆನ್ ಆ ಬಗೆಯ ಕೀಯನ್ನು ಹಳೆಯ ಪೆಮ್ ರೂಪದಲ್ಲಿ ಬರೆಯುವುದಿಲ್ಲ.