ಅಲೆಕ್ಸಿ ಯಾವಾಗಲೂ ಹಾಸಿಗೆಯಲ್ಲೇ ಇರಲಿಲ್ಲ

1917ರ ಕ್ರಾಂತಿಯ ನಂತರ ಮನೆಯವರ ಜೊತೆ ಸೆರೆಯಲ್ಲಿದ್ದಷ್ಟು ದಿನವೂ ರಷ್ಯಾದ ರಾಜಕುಮಾರ ಅಲೆಕ್ಸಿ ಹಾಸಿಗೆ ಹಿಡಿದಿದ್ದನಾ ಅಂತ ಕೇಳಿದ್ದೀರಿ. ಇಲ್ಲ. 1917ರ ಆಗಸ್ಟ್‌ನಲ್ಲಿ ಸೈಬೀರಿಯಾದ ಟೊಬೊಲ್ಸ್ಕ್‌ಗೆ ಕರೆದೊಯ್ದಾಗ ಅವನಿಗೆ 13 ವರ್ಷ. ಆ ಚಳಿಗಾಲದಲ್ಲಿ ಸುಮಾರಾಗಿ ಆರಾಮಾಗಿಯೇ ಇದ್ದ. ಬೆಳಿಗ್ಗೆ ಪಾಠ, ಆಮೇಲೆ ಬೇಲಿಯೊಳಗಿನ ಅಂಗಳದಲ್ಲಿ ಆಟ. ಭಾನುವಾರ ಡಾಕ್ಟರ ಮಗ ಕೋಲ್ಯಾ ಆಡಲು ಬರುತ್ತಿದ್ದ. ಜಾರಿ ಆಡಲು ಮನೆಯವರೆಲ್ಲ ಸೇರಿ ಹಿಮದ ಗುಡ್ಡ ಕಟ್ಟಿದರು. ಅದರ ಮೇಲೆ ಸುರಿಯಲು ಒಯ್ಯುತ್ತಿದ್ದ ನೀರು ದಾರಿಯಲ್ಲೇ ಹೆಪ್ಪುಗಟ್ಟುತ್ತಿತ್ತಂತೆ! ಕೊನೆಗೆ ಕಾವಲಿನ ಸೈನಿಕರು ಅದನ್ನೂ ಒಡೆದು ಹಾಕಿದರು. ಓದುವಾಗ ನನಗೆ ತುಂಬಾ ಸಂಕಟವಾಗಿದ್ದು ಇದೇ.

ಅವನಿಗೆ ಹಿಮೋಫೀಲಿಯಾ ಇತ್ತು, ಅಂದ್ರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಅದು ಬಂದರೆ ಸಣ್ಣ ಗಾಯಕ್ಕೇ ರಕ್ತ ಸುರಿದು ಸಾಯುವುದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನಿಜವಾದ ಕಾಟ ಒಳಗಿನದು. ಮಂಡಿಯೊಳಗೆ ರಕ್ತ ತುಂಬಿ ಕೀಲು ಊದಿಕೊಳ್ಳುತ್ತದೆ, ಕಾಲು ಚಾಚಲು ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಆಗ ಇರಲಿಲ್ಲ.

1918ರ ಏಪ್ರಿಲ್‌ನಲ್ಲಿ ತೊಡೆಸಂದಿಯಲ್ಲಿ ಜೋರು ರಕ್ತಸ್ರಾವವಾಯಿತು. ಅದೇ ಹೊತ್ತಿಗೆ ಅಪ್ಪ ಅಮ್ಮನನ್ನು ಬೇರೆಡೆಗೆ ಕರೆದೊಯ್ದರು. ಅವನನ್ನು ಸಾಗಿಸುವ ಹಾಗೇ ಇರಲಿಲ್ಲ, ಮೂವರು ಅಕ್ಕಂದಿರ ಜೊತೆ ಉಳಿದ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಇದ್ದ ಯೆಕಟೆರಿನ್‌ಬರ್ಗ್ ನಗರ ಸೇರಿದ ಮೊದಲ ರಾತ್ರಿಯೇ ಮಂಡಿಗೆ ಪೆಟ್ಟು ಮಾಡಿಕೊಂಡ. ನೀವು ಕೇಳಿದ ಹಾಸಿಗೆಯ ದಿನಗಳು ಹೆಚ್ಚಾಗಿ ಇವೇ. ಅವನನ್ನು ಎತ್ತಿಕೊಳ್ಳುತ್ತಿದ್ದ ನಾವಿಕ ನಾಗೋರ್ನಿಯನ್ನೂ ಕೆಲವೇ ದಿನಗಳಲ್ಲಿ ಎಳೆದೊಯ್ದರು. ಜುಲೈ 17ರ ನಡುರಾತ್ರಿ, ಮನೆಯವರನ್ನೆಲ್ಲ ಕೊಂದ ಆ ನೆಲಮಾಳಿಗೆಗೆ ಅವನನ್ನು ಅಪ್ಪನೇ ಎತ್ತಿಕೊಂಡು ಇಳಿದರು.