ಅಣಬೆ ಬುಡದಿಂದ ರೋಗಾಣು ತಡೆಯುವ ಬಟ್ಟೆ ಮನೆಯಲ್ಲೇ ಮಾಡಿ ಮಾರಬಹುದಾ? ಅದಕ್ಕೆ ಯಾವ ಪಾತ್ರೆ ಕೊಳ್ಳಲಿ?

ಮಾಡಬೇಡಿ. ನಾನೂ ಶಿರಸಿ ಹತ್ತಿರ ಚಿಪ್ಪಣಬೆ ಬೆಳೆಯುವವನು. ಎಸೆಯುವ ಗಟ್ಟಿ ಬುಡಗಳನ್ನು ನೋಡಿ ನಿಮ್ಮ ಹಾಗೇ ಆಸೆಪಟ್ಟಿದ್ದೆ. ರೋಗಾಣು ತಡೆಯುವುದು ಕೈಟೋಸಾನ್ ಎಂಬ ವಸ್ತು, ಅದನ್ನು ಮಾಡುವುದು ಅಣಬೆಯಲ್ಲೂ ಸೀಗಡಿ ಚಿಪ್ಪಿನಲ್ಲೂ ಇರುವ ಕೈಟಿನ್‌ನಿಂದ. ಸೀಗಡಿ ಚಿಪ್ಪಿಗೆ ಕಾರವಾರದಲ್ಲಿ ಬರ ಇಲ್ಲ. ಆದರೆ ಅದರ ಸುಣ್ಣ ಕರಗಿಸಲು ಆಸಿಡ್ ಬೇಕು. ಅಣಬೆಗೆ ಆ ಕಷ್ಟ ಇಲ್ಲ. ಕೈಟಿನ್ ಮೊದಲು ಗುರುತಿಸಿದ್ದೂ ಅಣಬೆಯಲ್ಲೇ, 1811ರಲ್ಲಿ.

ಪರಿಚಯದವರ ಲ್ಯಾಬಿನಲ್ಲಿ ಬುಡ ಒಣಗಿಸಿ, ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಕೈಟೋಸಾನ್ ತೆಗೆದೆವು. ವಿನೆಗರಿನಂಥ ತೆಳು ಆಸಿಡ್‌ನಲ್ಲಿ ಕರಗಿಸಿ, ಹತ್ತಿ ಬಟ್ಟೆ ಅದ್ದಿ ಒಣಗಿಸಿದೆವು. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಕಡಿಮೆಯಾದವು. ಆ ಖುಷಿಯಲ್ಲಿ ಗೋಕರ್ಣದ ಕಡೆಯ ಹೋಮ್‌ಸ್ಟೇಗಳಿಗೆ ಟವೆಲ್ ಮಾರಿದೆ. ಮಳೆಗಾಲ ಬಂತು, ಅದೇ ಮುಗ್ಗಲು ವಾಸನೆ. ದುಡ್ಡು ವಾಪಸ್ ಕೊಟ್ಟೆ.

ತಪ್ಪು ಒಂದೇ: ಪರೀಕ್ಷೆಗೆ ಕಳಿಸಿದ್ದು ಒಗೆಯದ ಬಟ್ಟೆ. ಇದನ್ನು ಸರಿಯಾಗಿ ಕೇಳಿ. ಕೈಟೋಸಾನ್ ಮೇಲೆ ಧನ ವಿದ್ಯುದಂಶ ಇರುತ್ತದೆ, ಬ್ಯಾಕ್ಟೀರಿಯಾದ ಹೊರಪೊರೆಯ ಮೇಲೆ ಋಣ. ಅವೆರಡೂ ಅಂಟಿಕೊಂಡು ಪೊರೆ ಹಾಳಾಗುತ್ತದೆ, ಕೆಲಸ ನಡೆಯುವುದೇ ಹೀಗೆ. ಬಟ್ಟೆ ಒಗೆಯುವ ಪುಡಿಯ ಮುಖ್ಯ ಅಂಶವೂ ಋಣವೇ. ಅದು ಹೋಗಿ ಕೈಟೋಸಾನ್‌ಗೆ ಅಂಟಿದರೆ ಬ್ಯಾಕ್ಟೀರಿಯಾಗೆ ಜಾಗ ಎಲ್ಲಿ? ಅದ್ದಿ ಒಣಗಿಸಿದ ಪದರ ನೂಲಿಗೆ ಗಟ್ಟಿಯಾಗಿ ಕೂತಿರುವುದೂ ಇಲ್ಲ, ಒಗೆದ ಹಾಗೆ ಹೋಗುತ್ತದೆ. ಕೂರಿಸಬೇಕೆಂದರೆ ಸಿಟ್ರಿಕ್ ಆಸಿಡ್ ಮತ್ತು ಸೋಡಿಯಂ ಹೈಪೋಫಾಸ್ಫೈಟ್ ಎಂಬ ಲವಣ ಸೇರಿಸಿ, ಸುಮಾರು 150-160 ಡಿಗ್ರಿಯಲ್ಲಿ ಕಾಯಿಸಬೇಕು. ಆಗ ಸಿಟ್ರಿಕ್ ಆಸಿಡ್ ಹತ್ತಿಗೂ ಕೈಟೋಸಾನ್‌ಗೂ ಸೇತುವೆಯಾಗುತ್ತದೆ. ನಾನು ಮಾಡಿದ್ದು ನೆರಳಲ್ಲಿ ಒಣಗಿಸುವುದು. ಕಾಯಿಸುವುದು ಜಾಸ್ತಿಯಾದರೆ ಹತ್ತಿಯ ಬಲ ಕುಗ್ಗಿ, ಬಣ್ಣ ಹಳದಿ ತಿರುಗುತ್ತದೆ. ಹಾಗಾಗಿ ಶಾಖ ಹಿಡಿತದಲ್ಲಿರುವ ಯಂತ್ರವೇ ಬೇಕು.

ಇನ್ನು ಯಾವ ಪಾತ್ರೆ ಕೊಳ್ಳಲಿ ಅಂತ ಕೇಳಿದ್ದೀರಲ್ಲ, ಯಾವುದೂ ಬೇಡ. ಕೈಟಿನ್ ಅನ್ನು ಕೈಟೋಸಾನ್ ಮಾಡಲು ನೂರಕ್ಕೆ 40-50 ಪಾಲು ಕಾಸ್ಟಿಕ್ ಸೋಡಾ ಇರುವ ಬಿಸಿ ದ್ರಾವಣ ಬೇಕು. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಉಳಿದ ನೀರನ್ನು ಅಡಿಕೆ ತೋಟದ ಕಾಲುವೆಗೆ ಬಿಡ್ತೀರಾ? ಹಸಿ ಅಣಬೆಯಲ್ಲಿ ಹೆಚ್ಚುಕಮ್ಮಿ ನೂರಕ್ಕೆ 90 ಪಾಲು ನೀರು, ಒಣಗಿದ್ದರಲ್ಲೂ ಕೈಟಿನ್ ಒಂದು ಭಾಗ ಮಾತ್ರ. ನಿಮ್ಮ ಒಂದು ಶೆಡ್ಡಿನ ಬುಡಗಳಿಂದ ಉದ್ಯಮ ನಡೆಯುವುದಿಲ್ಲ. ಸಿಟ್ರಿಕ್ ಆಸಿಡ್ ಕಾರ್ಖಾನೆಗಳಲ್ಲಿ ಆ ಆಸಿಡ್ ತಯಾರಿಸಲು ಬೆಳೆಸಿದ, ಕೈಟಿನ್ ಇರುವ ಆಸ್ಪರ್ಜಿಲಸ್ ನೈಜರ್ ಶಿಲೀಂಧ್ರ ರಾಶಿಗಟ್ಟಲೆ ಉಳಿಯುತ್ತದಲ್ಲ, ಈ ಕೆಲಸ ಅಂಥ ಕಡೆಗೇ ಸರಿ.

ಬುಡ ಒಣಗಿಸಿ ಸೂಪ್ ಪುಡಿ ಮಾಡಿ. ಬಟ್ಟೆಯ ಆಸೆ ಬಿಡದಿದ್ದರೆ ಶಿಲೀಂಧ್ರದ ಕೈಟೋಸಾನ್ ಸಿದ್ಧವಾಗಿಯೇ ಕೊಳ್ಳಿ, ಕಾಯಿಸುವ ಕೆಲಸ ಬಟ್ಟೆ ಗಿರಣಿಯಲ್ಲಿ ಮಾಡಿಸಿ. ಬಟ್ಟೆ ಬ್ಯಾಕ್ಟೀರಿಯಾ ತಡೆಯುತ್ತದಾ ಅಂತ ಅಳೆಯುವ ಐಎಸ್‌ಒ 20743 ಪರೀಕ್ಷೆಗೆ 20 ಸಲ ಒಗೆದ ತುಂಡು, ಒಗೆಯದ ತುಂಡು ಎರಡನ್ನೂ ಕಳಿಸಿ. ಒಗೆದ ತುಂಡಿನ ಫಲಿತಾಂಶ ಬರುವ ತನಕ ಒಂದು ಕರವಸ್ತ್ರವನ್ನೂ ಮಾರಬೇಡಿ.