ಹೆಸರು ಕೀಲಿನದು, ಹುಟ್ಟು ಎಲ್ಲಿಯದು?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಮಂಡಿಯ ಹಿಂಭಾಗದಲ್ಲಿದ್ದ ಗಡ್ಡೆಯ ತುಣುಕನ್ನು ಪರೀಕ್ಷಿಸಿದಾಗ ‘ಸೈನೋವಿಯಲ್ ಸಾರ್ಕೋಮಾ’ ಎಂಬ ವರದಿ ಬಂದಿದೆ. ಸೈನೋವಿಯಂ ಎಂದರೆ ಕೀಲಿನ ಒಳಪೊರೆ ಎಂದು ಓದಿದ್ದೇನೆ; ಆದರೆ ಈ ಕ್ಯಾನ್ಸರಿಗೂ ಆ ಪೊರೆಗೂ ಸಂಬಂಧವಿಲ್ಲವೆಂದು ವೈದ್ಯರು ಹೇಳುತ್ತಾರೆ. ಹಾಗಿದ್ದರೆ ಇದು ಯಾವ ಜೀವಕೋಶದಿಂದ ಹುಟ್ಟುತ್ತದೆ? ಅದನ್ನು ತಿಳಿಯುವುದರಿಂದ ರೋಗಿಗೆ ಆಗುವ ಪ್ರಯೋಜನವೇನು?

ಉತ್ತರ: ವೈದ್ಯರು ಹೇಳಿರುವುದು ಸರಿ. ಈ ಗಡ್ಡೆ ಹೆಚ್ಚಾಗಿ ಕೈಕಾಲುಗಳಲ್ಲಿ, ದೊಡ್ಡ ಕೀಲುಗಳ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತಿದ್ದುದರಿಂದಲೂ, ಸೂಕ್ಷ್ಮದರ್ಶಕದಡಿ ಅದರ ರಚನೆ ಬೆಳೆಯುತ್ತಿರುವ ಕೀಲಿನ ಪೊರೆಯನ್ನು ಹೋಲುತ್ತಿದ್ದುದರಿಂದಲೂ ಹಿಂದಿನವರು ಅದಕ್ಕೆ ಆ ಹೆಸರಿಟ್ಟರು. ಮುಂದೆ ಇದೇ ಕ್ಯಾನ್ಸರ್ ಶ್ವಾಸಕೋಶ, ಮೂತ್ರಪಿಂಡ, ಹೃದಯದಂತಹ ಕೀಲಿನ ಪೊರೆಯೇ ಇಲ್ಲದ ಕಡೆಗಳಲ್ಲೂ ಕಂಡುಬಂದಿತು. ಹೆಸರು ಮಾತ್ರ ಉಳಿದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಇದನ್ನು ಯಾವ ಅಂಗಾಂಶದ ಕಡೆಗೆ ಬೆಳೆಯುತ್ತಿದೆ ಎಂದು ಖಚಿತವಾಗಿ ಹೇಳಲಾಗದ ಗಡ್ಡೆಗಳ ಗುಂಪಿನಲ್ಲಿಟ್ಟಿದೆ.

ಈ ರೋಗದ ನಿಜವಾದ ಗುರುತು ಇರುವುದು ವರ್ಣತಂತುಗಳಲ್ಲಿ. ಎಕ್ಸ್ ಮತ್ತು 18ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ, ಎಸ್‌ಎಸ್‌18 ಮತ್ತು ಎಸ್‌ಎಸ್‌ಎಕ್ಸ್ ಎಂಬ ಎರಡು ವಂಶವಾಹಿಗಳು ಬೆಸೆದುಕೊಳ್ಳುತ್ತವೆ. ಈ ಬೆಸುಗೆ ತಂದೆತಾಯಿಯಿಂದ ಬರುವಂಥದ್ದಲ್ಲ. ದೇಹದ ಯಾವುದೋ ಒಂದು ಜೀವಕೋಶದಲ್ಲಿ ಆಗುವ ಅವಘಡ. ಆ ‘ಯಾವುದೋ ಒಂದು’ ಯಾವುದು ಎಂಬುದೇ ನಿಮ್ಮ ಪ್ರಶ್ನೆ.

ಬೆಳೆದ ಗಡ್ಡೆಯನ್ನು ಎಷ್ಟು ನೋಡಿದರೂ ಇದಕ್ಕೆ ಉತ್ತರ ಸಿಗುವುದು ಕಷ್ಟ. ಆದ್ದರಿಂದ ಸಂಶೋಧಕರು ತಿರುಗುಮುರುಗಾಗಿ ಹೊರಟರು: ಇಲಿಯ ಬೇರೆ ಬೇರೆ ಜೀವಕೋಶಗಳಲ್ಲಿ ಈ ಬೆಸುಗೆಯ ವಂಶವಾಹಿಯನ್ನು ತಾವೇ ಚಾಲೂ ಮಾಡಿ, ಎಲ್ಲಿ ಗಡ್ಡೆ ಏಳುತ್ತದೆಂದು ಕಾದು ನೋಡಿದರು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರಿಯೊ ಕಪೆಕ್ಕಿಯವರ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗ ಈ ಬಗೆಯದು. (ಇಲಿಯ ವಂಶವಾಹಿಗಳನ್ನು ಬೇಕಾದಂತೆ ಮಾರ್ಪಡಿಸುವ ತಂತ್ರಕ್ಕಾಗಿ ಅದೇ ವರ್ಷ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು, ಈ ಪ್ರಯೋಗ ನಿಂತಿರುವುದೂ ಅದೇ ತಂತ್ರದ ಮೇಲೆ.) ಇನ್ನೂ ಸ್ನಾಯುವಾಗಿ ಬಲಿಯದ ಎಳೆಯ ಕೋಶಗಳಲ್ಲಿ ವಂಶವಾಹಿ ಚಾಲೂ ಆದಾಗ ಮನುಷ್ಯರಲ್ಲಿ ಕಾಣುವಂತಹದೇ ಗಡ್ಡೆಗಳು ಎದ್ದವು, ಹೆಚ್ಚು ಬಲಿತ ಸ್ನಾಯುಕೋಶಗಳಲ್ಲಿ ಚಾಲೂ ಆದಾಗ ಸ್ನಾಯುಗಳಿಗೆ ಹಾನಿಯಾಯಿತೇ ಹೊರತು ಗಡ್ಡೆ ಏಳಲಿಲ್ಲ. ಅಂದರೆ ಅದೇ ಬೆಸುಗೆ ಕೋಶದ ವಯಸ್ಸನ್ನು ನೋಡಿ ಬೇರೆ ಬೇರೆಯಾಗಿ ವರ್ತಿಸುತ್ತದೆ.

ಹಾಗೆಂದು ಇದು ಸ್ನಾಯುವಿನ ಕ್ಯಾನ್ಸರ್ ಎಂದು ತೀರ್ಮಾನಿಸುವುದು ಅವಸರವಾದೀತು. ಇಲಿಯಲ್ಲಿ ಒಂದು ಕೋಶದಿಂದ ಗಡ್ಡೆಯನ್ನು ಹುಟ್ಟಿಸಬಹುದು ಎಂಬುದಕ್ಕೂ, ಮನುಷ್ಯನಲ್ಲಿ ಅದು ಅಲ್ಲಿಂದಲೇ ಹುಟ್ಟುತ್ತದೆ ಎಂಬುದಕ್ಕೂ ಅಂತರವಿದೆ. ಮನುಷ್ಯರ ಗಡ್ಡೆಯಿಂದ ಬೆಳೆಸಿದ ಕೋಶಗಳಲ್ಲಿ ಬೆಸುಗೆಯ ವಂಶವಾಹಿ ಕೆಲಸ ಮಾಡದಂತೆ ತಡೆದಾಗ ಅವು ಮೂಳೆ, ಕೊಬ್ಬುಗಳತ್ತ ಹೊರಳಬಲ್ಲ ಆಕರಕೋಶಗಳಂತೆ ವರ್ತಿಸಿದ್ದೂ ಉಂಟು. ಇದಕ್ಕೆಲ್ಲ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಯಾವ ವಂಶವಾಹಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನೋಡಿಕೊಳ್ಳುವ ‘ಬಾಫ್’ ಎಂಬ ಪ್ರೋಟೀನುಗಳ ಕೂಟದೊಳಕ್ಕೆ ಬೆಸುಗೆಯ ಪ್ರೋಟೀನು ನುಗ್ಗಿ, ಅಲ್ಲಿದ್ದ ಸಹಜ ಸದಸ್ಯನನ್ನು ಹೊರದೂಡುತ್ತದೆ ಎಂದು 2013ರಲ್ಲಿ ತಿಳಿದುಬಂದಿತು. ಕೋಶದ ಗುರುತನ್ನೇ ತಿದ್ದಿ ಬರೆಯುವ ಇಂತಹ ಪ್ರೋಟೀನು ಹುಟ್ಟಿನ ಕುರುಹನ್ನು ಅಳಿಸದೆ ಬಿಟ್ಟೀತೆ? ಒಂದಕ್ಕಿಂತ ಹೆಚ್ಚು ಬಗೆಯ ಎಳೆಯ ಕೋಶಗಳು ಇದರ ಮೂಲವಾಗಿರಬಹುದು ಎಂದು ನನಗನ್ನಿಸುವುದು ಈ ಕಾರಣದಿಂದ.

ಪ್ರಯೋಜನದ ಮಾತಿಗೆ ಬಂದರೆ, ನಿಮ್ಮ ತಮ್ಮನ ಚಿಕಿತ್ಸೆ ಈ ಉತ್ತರಕ್ಕಾಗಿ ಕಾಯಬೇಕಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಅಗತ್ಯವಿದ್ದಲ್ಲಿ ಕೀಮೋಥೆರಪಿ, ಇವು ಮೂಲಕೋಶ ಯಾವುದಾದರೂ ಬದಲಾಗುವುದಿಲ್ಲ. ಅಮೆರಿಕದಲ್ಲಿ 2024ರಲ್ಲಿ ಮಂಜೂರಾದ, ರೋಗಿಯದೇ ಟಿ-ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳನ್ನು) ಮಾರ್ಪಡಿಸಿ ಕೊಡುವ ಚಿಕಿತ್ಸೆಯೂ ಗಡ್ಡೆಯಲ್ಲಿರುವ ಒಂದು ಪ್ರೋಟೀನನ್ನು ಗುರಿಯಾಗಿಸಿಕೊಂಡಿದೆಯೇ ಹೊರತು ಅದರ ಹುಟ್ಟನ್ನಲ್ಲ. ಆದರೆ ಹೊಸ ಔಷಧ ಹುಡುಕುವವರಿಗೆ ಹೋಲಿಕೆಗೊಂದು ಆರೋಗ್ಯವಂತ ಕೋಶ ಬೇಕು. ಗಡ್ಡೆಯಲ್ಲಿ ತೆರೆದಿರುವ ವಂಶವಾಹಿಗಳಲ್ಲಿ ಬೆಸುಗೆ ತೆರೆದದ್ದು ಯಾವುದು, ಮೂಲಕೋಶದಲ್ಲಿ ಮೊದಲೇ ತೆರೆದಿದ್ದದ್ದು ಯಾವುದು ಎಂದು ಬೇರ್ಪಡಿಸದಿದ್ದರೆ, ಔಷಧದ ಗುರಿ ತಪ್ಪುವ ಸಂಭವವಿದೆ.

ಸದ್ಯಕ್ಕೆ ನೀವು ವೈದ್ಯರನ್ನು ಕೇಳಬೇಕಾದದ್ದು ಒಂದಿದೆ: ವರದಿಯಲ್ಲಿನ ಹೆಸರು ಕೇವಲ ಸೂಕ್ಷ್ಮದರ್ಶಕದ ನೋಟವನ್ನು ಆಧರಿಸಿದೆಯೇ ಅಥವಾ ಎಸ್‌ಎಸ್‌18 ಬೆಸುಗೆಯನ್ನು ಪರೀಕ್ಷಿಸಿ ಖಚಿತಪಡಿಸಲಾಗಿದೆಯೇ?